ಭಾನುವಾರ ನಮ್ಮ ಗುಂಪಿಗೆ ರಜೆ

ಎಲ್ಲರಿಗೂ ನಮಸ್ಕಾರ. ಇನ್ನು ಮೇಲೆ ಭಾನುವಾರ ಇಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಬದಲಿಸುತ್ತೇವೆ. ತುರ್ತಿದ್ದರೆ ಫೋನ್ ಮಾಡಿ, ಎತ್ತುತ್ತೇವೆ.

ಕಾರಣ ಹೇಳಿಬಿಡುತ್ತೇನೆ. ಮೊನ್ನೆ ಮಗಳು ಏನೋ ಕಥೆ ಹೇಳುತ್ತಿದ್ದಳು. ನಾನು ಸುಮ್ನೆ ‘ಹೂಂ, ಹೂಂ’ ಅನ್ನುತ್ತಾ ಇಲ್ಲಿನ ಗುಡ್ ಮಾರ್ನಿಂಗ್ ಚಿತ್ರ ನೋಡುತ್ತಿದ್ದೆ. (ಅರ್ಧ ನಾನೇ ಕಳಿಸಿದ್ದು!) ಕಥೆ ಮುಗಿದು ಅವಳು ಎದ್ದು ಹೋದದ್ದೂ ಗೊತ್ತಾಗಲಿಲ್ಲ.

ಉಳಿದ ದಿನ ಕಿರಿಕಿರಿ ಅನಿಸಿದರೆ ಮ್ಯೂಟ್ ಮಾಡಿ. ವಾಟ್ಸಾಪ್‌ನಲ್ಲಿ 8 ಗಂಟೆ, 1 ವಾರ, ಯಾವಾಗಲೂ ಅಂತ ಆಯ್ಕೆಗಳಿವೆ. ಮಾಡಿದ್ದು ಬೇರೆಯವರಿಗೆ ಗೊತ್ತಾಗುವುದಿಲ್ಲ, ಸಂಕೋಚ ಬೇಡ. ರಾತ್ರಿ ಫೋನ್ ಬೇರೆ ಕೋಣೆಯಲ್ಲಿ ಚಾರ್ಜ್‌ಗೆ ಹಾಕಿ. ಅಲಾರಂ ಬೇಕು ಅನ್ನುವವರಿಗೆ ಗಡಿಯಾರ ಇದೆ ಅಲ್ವಾ?

ಸೋಮವಾರ ಬೆಳಿಗ್ಗೆ 7ಕ್ಕೆ ಗುಂಪು ತೆರೆಯುತ್ತೇವೆ. ದಯವಿಟ್ಟು ಹೂವಿನ ಚಿತ್ರದಿಂದ ಶುರು ಮಾಡಬೇಡಿ.