ಮೊದಲು ಬಳೆ ಬಿಡಿಸಿಕೋ

ಪ್ರೀತಿಯ ಗೆಳೆಯ,

ಮೊನ್ನೆ ರಾತ್ರಿ ನೀನು ಫೋನಿಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಅಂಗಡಿ ನಷ್ಟದಲ್ಲಿದೆ ಅಂತ ಮೊದಲೇ ಗೊತ್ತಿತ್ತು. ಹೆಂಡತಿಯ ಎರಡು ಬಳೆ ಅಡವಿಟ್ಟು 40,000 ರೂಪಾಯಿ ತಂದು ಆ ಪ್ರಾರ್ಥನಾ ಕೂಟದಲ್ಲಿ 'ಬೀಜ' ಅಂತ ಕೊಟ್ಟದ್ದು ಗೊತ್ತಿರಲಿಲ್ಲ. ನೂರರಷ್ಟು ತಿರುಗಿ ಬರುತ್ತದೆ ಅಂದಿದ್ದರು, ಆರು ತಿಂಗಳಾಯಿತು, ಏನೂ ಬರಲಿಲ್ಲ ಅಂದೆ ನೀನು. ಕೊನೆಗೆ ಮೆಲ್ಲಗೆ ಹೇಳಿದೆ, "ನನ್ನ ನಂಬಿಕೆಯೇ ಕಡಿಮೆ ಇರಬೇಕು ಕಣೋ." ಹಣ ಹೋದದ್ದಕ್ಕಿಂತ ಆ ಮಾತು ನನಗೆ ಜಾಸ್ತಿ ನೋವು ಕೊಟ್ಟಿತು.

ನಿನ್ನ ಹಾಗೆ ಇನ್ನೂ ಎಷ್ಟೋ ಜನ ಇದ್ದಾರೆ, ಎಲ್ಲರೂ ಓದುವ ಹಾಗೆ ಬರಿ ಅಂತ ನೀನೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ನಿನ್ನ ಹೆಸರೂ ಇಲ್ಲಿಲ್ಲ, ಆ ಕೂಟದ ಹೆಸರೂ ಇಲ್ಲ.

ಅವರು ಓದಿದ ವಚನ ಸತ್ಯವೇದದ, ಅಂದರೆ ಬೈಬಲಿನ, ಮಲಾಕಿ ಪ್ರವಾದಿಯ ಪುಸ್ತಕದ ಮೂರನೇ ಅಧ್ಯಾಯದ್ದು, ಅಲ್ವಾ? ದಶಮಾಂಶವನ್ನೆಲ್ಲ, ಅಂದರೆ ಗಳಿಕೆಯ ಹತ್ತನೇ ಒಂದು ಭಾಗವನ್ನೆಲ್ಲ, ಬಂಡಾರಕ್ಕೆ ತನ್ನಿರಿ, ಪರಲೋಕದ ಬಾಗಿಲು ತೆರೆದು ಆಶೀರ್ವಾದ ಸುರಿಸುತ್ತೇನೋ ಇಲ್ಲವೋ ನೋಡಿ ಎಂಬ ಹತ್ತನೇ ವಚನ. ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಆ ಬಂಡಾರ ಯಾವುದು ಅಂತ ಯಾರೂ ನಮಗೆ ಬಿಡಿಸಿ ಹೇಳಲಿಲ್ಲ. ಅದು ಧಾನ್ಯದ ಕಣಜ. ದೇವಾಲಯದ ಸೇವೆ ಮಾಡುತ್ತಿದ್ದ, ಬೇರೆ ಕುಲಗಳ ಹಾಗೆ ಭೂಮಿಯ ಪಾಲು ಸಿಗದ ಲೇವಿಯರು ಅದರಿಂದ ಉಣ್ಣಬೇಕಿತ್ತು. ಹೆಚ್ಚುಕಡಿಮೆ ಅದೇ ಕಾಲದ ನೆಹೆಮೀಯನ ಪುಸ್ತಕದ 13ನೇ ಅಧ್ಯಾಯ ಓದು. ಪಾಲು ಸಿಗದೆ ಲೇವಿಯರೂ ಗಾಯಕರೂ ದೇವಾಲಯ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೋಗಿಬಿಟ್ಟಿದ್ದರು. ಅಲ್ಲಿನ ಅಧಿಪತಿಯಾಗಿದ್ದ ನೆಹೆಮೀಯ ಅಧಿಕಾರಿಗಳನ್ನು ಗದರಿಸಿದ, ದಶಮಾಂಶ ತರಿಸಿದ, ಅದನ್ನು ಹಂಚಲು ನಂಬಿಗಸ್ತರನ್ನು ನೇಮಿಸಿದ. ಹಸಿದವರಿಗೆ ಅನ್ನ ತಲುಪಬೇಕು ಎಂಬುದು ಅಲ್ಲಿನ ಚಿಂತೆ. ಯಾರದೋ ಅಂಗಡಿ ನೂರರಷ್ಟು ಬೆಳೆಯುವ ಮಾತೇ ಅಲ್ಲಿಲ್ಲ.

ಬೈಬಲಿನದೇ ಇನ್ನೊಂದು ಪುಸ್ತಕ ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಓದಿದಾಗಲಂತೂ ನನಗೆ ಆಶ್ಚರ್ಯ ತಡೆಯಲಾಗಲಿಲ್ಲ. ದಶಮಾಂಶವನ್ನು ತೆಗೆದುಕೊಂಡು ಹೋಗಿ ದೇವರ ಮುಂದೆ ಮನೆಯವರೆಲ್ಲ ಕೂತು ಊಟ ಮಾಡಿ ಅನ್ನುತ್ತದೆ ಅದು. ದಾರಿ ದೂರವಾದರೆ ಬೆಳೆ ಮಾರಿ, ಹಣ ಕೈಯಲ್ಲಿ ಹಿಡಿದು ಹೋಗಿ, ಅಲ್ಲಿ ಇಷ್ಟವಾದದ್ದನ್ನು ಕೊಂಡು ತಿಂದು ಸಂತೋಷಪಡಿ ಅನ್ನುತ್ತದೆ. ಮೂರು ವರ್ಷಕ್ಕೊಮ್ಮೆ ಆ ಭಾಗವನ್ನು ಊರಲ್ಲೇ ಇಡಬೇಕು. ಊರಿನ ಲೇವಿಯರು, ಪರದೇಶಿಗಳು, ತಂದೆಯಿಲ್ಲದ ಮಕ್ಕಳು, ವಿಧವೆಯರು ಬಂದು ಹೊಟ್ಟೆ ತುಂಬ ತಿನ್ನಬೇಕು. ದೇವರ ಲೆಕ್ಕದಲ್ಲಿ ದಶಮಾಂಶ ಅಂದರೆ ಒಂದು ಊಟದ ಪಂಕ್ತಿ. ನಿನಗೆ ಅದನ್ನು ಸಾಲದ ಕಂತಿನ ಹಾಗೆ ಹೇಳಿಕೊಟ್ಟರು.

ಇನ್ನೊಂದು ವಿಷಯ. ಮಲಾಕಿಯನ ಅದೇ ಅಧ್ಯಾಯದಲ್ಲಿ ಐದನೇ ವಚನ ಇದೆ. ಕೂಲಿಯವನ ಕೂಲಿಯನ್ನು ಮುರಿದುಕೊಳ್ಳುವವರ ವಿರುದ್ಧ, ವಿಧವೆಯನ್ನೂ ಅನಾಥರನ್ನೂ ಬಾಧಿಸುವವರ ವಿರುದ್ಧ ನಾನೇ ಸಾಕ್ಷಿಯಾಗಿ ಬರುತ್ತೇನೆ ಅನ್ನುತ್ತಾರೆ ದೇವರು. ಹತ್ತನೇ ವಚನದ ಮೇಲೆ ನಾನು ಚರ್ಚಿನಲ್ಲಿ ಎಷ್ಟೋ ಪ್ರಸಂಗ ಕೇಳಿದ್ದೇನೆ. ಐದನೆಯದರ ಮೇಲೆ ಒಂದೂ ಕೇಳಿದ ನೆನಪಿಲ್ಲ. ಆ ವಚನ ನನ್ನನ್ನೂ ಹಿಡಿಯಿತು. ಹೇಳುತ್ತೇನೆ ಕೇಳು. ಹತ್ತು ವರ್ಷ ನಾನು ಸಂಬಳ ಬಂದ ದಿನವೇ ಹತ್ತನೇ ಒಂದು ಭಾಗ ಲೆಕ್ಕ ಹಾಕಿ ಲಕೋಟೆಯಲ್ಲಿ ಇಡುತ್ತಿದ್ದೆ. ಒಂದು ರೂಪಾಯಿ ತಪ್ಪಿಲ್ಲ. ಅದೇ ಹೊತ್ತಿಗೆ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಅಕ್ಕನ ಸಂಬಳ ನಾಲ್ಕು ವರ್ಷ ಇದ್ದಲ್ಲೇ ಇತ್ತು. ಅಕ್ಕಿಯ ಬೆಲೆ ಏರಿತ್ತು, ಬಸ್ಸಿನ ಚಾರ್ಜು ಏರಿತ್ತು, ನನ್ನ ಸಂಬಳವೂ ಏರಿತ್ತು. ಆಕೆ ಬಾಯಿಬಿಟ್ಟು ಕೇಳಲಿಲ್ಲ. ನಾನು ನೋಡಲಿಲ್ಲ. ಲಕೋಟೆ ತುಂಬಿಸಿದ್ದೇನೆ, ದೇವರ ಬಾಕಿ ತೀರಿತು ಅಂದುಕೊಂಡಿದ್ದೆ. ಆ ಐದನೇ ವಚನ ಓದಿದ ದಿನ ಆಕೆಯ ಮುಖ ನೋಡಲು ನನಗೆ ಕಷ್ಟವಾಯಿತು. ಸಂಬಳ ಜಾಸ್ತಿ ಮಾಡಿದೆ, ಹಿಂದಿನದನ್ನೂ ಲೆಕ್ಕ ಹಾಕಿ ಕೊಟ್ಟೆ. ಅದನ್ನು ಕಾಣಿಕೆ ಅಂತ ಕರೆಯುವ ಧೈರ್ಯ ನನಗಿಲ್ಲ. ಅದು ಆಕೆಯದೇ ಹಣ.

'ಬೀಜ' ಎಂಬ ಮಾತೂ ಸತ್ಯವೇದದ್ದೇ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಒಂಬತ್ತನೇ ಅಧ್ಯಾಯದಲ್ಲಿ ಅಪೊಸ್ತಲ, ಅಂದರೆ ಸುವಾರ್ತೆ ಸಾರಲು ಯೇಸು ಕಳಿಸಿದ, ಪೌಲನು ಬಿತ್ತುವುದು ಕೊಯ್ಯುವುದು ಅಂತ ಬರೆಯುತ್ತಾನೆ. ಆದರೆ ಆ ಹಣ ಯಾರಿಗೆ ಹೋಗುತ್ತಿತ್ತು? ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ. ಕೊಟ್ಟವರಲ್ಲಿ ಮಕೆದೋನ್ಯ ಪ್ರಾಂತ್ಯದ ಕ್ರೈಸ್ತ ಸಭೆಗಳೂ ಇದ್ದವು. ಅವರೇ ಬಹಳ ಬಡವರು. ನಮಗೂ ಕೊಡಲು ಅವಕಾಶ ಕೊಡಿ ಎಂದು ಅವರೇ ಪೌಲನನ್ನು ಬೇಡಿಕೊಂಡರಂತೆ. ಯಾರೂ ವೇದಿಕೆ ಹತ್ತಿ ಅವರನ್ನು ಹೆದರಿಸಿರಲಿಲ್ಲ. ಮನಸ್ಸಿಲ್ಲದೆಯಾಗಲಿ ಬಲವಂತಕ್ಕಾಗಲಿ ಕೊಡಬೇಡಿ ಅಂತ ಅದೇ ಅಧ್ಯಾಯದಲ್ಲಿ ಇದೆ. ಎಂಟನೇ ಅಧ್ಯಾಯದ ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಅಷ್ಟು ದೊಡ್ಡ ಮೊತ್ತವನ್ನು ಪೌಲ ಒಬ್ಬನೇ ಕೈಯಲ್ಲಿ ಹಿಡಿಯಲಿಲ್ಲ. ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಎಂದು ತನ್ನ ಜೊತೆಗಾರ ತೀತನ ಜೊತೆ ಸಭೆಗಳು ಆರಿಸಿದ ಸಹೋದರರನ್ನೂ ಸೇರಿಸಿದ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂದ. ಅಪೊಸ್ತಲನೇ ಹೀಗೆ ಲೆಕ್ಕಕ್ಕೆ ಸಿದ್ಧನಿದ್ದ. ನಿನ್ನ 40,000 ಎಲ್ಲಿ ಹೋಯಿತು ಅಂತ ನಿನಗೆ ಯಾರಾದರೂ ಲೆಕ್ಕ ತೋರಿಸಿದರಾ?

ಸುಮ್ನೆ ಯೋಚಿಸು. ನಂಬಿದವರಿಗೆಲ್ಲ ಹಣ ಬರಬೇಕಿದ್ದರೆ ನಮ್ಮ ಹಿರಿಯರ ಕಥೆ ಏನು? 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಮೂವರು ಮಿಶನರಿಗಳು ಮಂಗಳೂರಿಗೆ ಬಂದರು. ಆ ಕಾಲದಲ್ಲಿ ದೀಕ್ಷಾಸ್ನಾನ ತೆಗೆದುಕೊಂಡವರಲ್ಲಿ ಎಷ್ಟೋ ಮಂದಿ ಮನೆಯಿಂದ ಹೊರಬಿದ್ದರು. ಆಸ್ತಿಯ ಪಾಲು ಹೋಯಿತು. ಶೇಂದಿ ಇಳಿಸುತ್ತಿದ್ದವರು ಆ ಕಸುಬನ್ನೇ ಬಿಡಬೇಕಾಯಿತು. ಅವರಿಗೆ ಹೊಟ್ಟೆಪಾಡಿಗೆ ದಾರಿ ಬೇಕೆಂದೇ ಮಿಶನ್ ನೇಯ್ಗೆ ಶುರು ಮಾಡಿತು, 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಹಾಕಿತು. ಯೇಸುವನ್ನು ನಂಬಿ ನಮ್ಮವರು ಮೊದಲು ಬಡವರಾದರು. ಅವರ ನಂಬಿಕೆ ಕಡಿಮೆ ಇತ್ತು ಅಂತ ನೀನು ಹೇಳುತ್ತೀಯಾ?

ಆ ಮಿಶನ್ನಿನ ಹಣವೂ ಬರೀ ಸಾಹುಕಾರರದ್ದಲ್ಲ. 1855ರಲ್ಲಿ ಬಾಸೆಲಿನಲ್ಲಿ ಅರ್ಧ ಬಾಟ್ಸೆನ್ ಕಾಣಿಕೆ ಅಂತ ಒಂದು ಶುರುವಾಯಿತು. ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಅಲ್ಲಿನ ಹಣದಲ್ಲಿ ಐದು ಸೆಂಟೀಮಿನ ಸಣ್ಣ ನಾಣ್ಯ. ಸಾಮಾನ್ಯ ಜನರ ಕೈಗೆ ಎಟಕುವಷ್ಟು. ಕೊಟ್ಟವರು ಮಂಗಳೂರನ್ನು ಕಣ್ಣಿನಿಂದ ಕಂಡವರಲ್ಲ. ನನ್ನ ಅಜ್ಜಿ ಮಿಶನ್ ಶಾಲೆಯಲ್ಲಿ ಅಕ್ಷರ ಕಲಿತರು. ಅವರು ಓದಿ ಓದಿ ಹಾಳೆ ಮೆತ್ತಗಾದ ಸತ್ಯವೇದ ಈಗಲೂ ನನ್ನ ಮೇಜಿನ ಮೇಲಿದೆ. ಅದನ್ನು ಮುಟ್ಟಿದಾಗೆಲ್ಲ ಆ ಐದೈದು ಸೆಂಟೀಮು ನೆನಪಾಗುತ್ತದೆ.

ದುಡ್ಡು ಪಾಪ ಅಂತ ನಾನು ಹೇಳುತ್ತಿಲ್ಲ. ನಿನ್ನ ಅಂಗಡಿ ಚೆನ್ನಾಗಿ ನಡೆಯಲಿ ಅಂತ ದಿನಾ ಪ್ರಾರ್ಥಿಸುತ್ತೇನೆ. 18ನೇ ಶತಮಾನದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ತನ್ನ ಒಂದು ಪ್ರಸಂಗದಲ್ಲಿ ಆಕ್ಸ್‌ಫರ್ಡಿನ ಯುವಕನೊಬ್ಬನ ಲೆಕ್ಕ ಹೇಳುತ್ತಾನೆ. ವರ್ಷಕ್ಕೆ 30 ಪೌಂಡ್ ಬರುತ್ತಿತ್ತು, 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು. ಆಗಲೂ 28ರಲ್ಲೇ ಬದುಕಿದ, 32 ಕೊಟ್ಟ. ಮೂರನೇ ವರ್ಷ 90, ಕೊಟ್ಟದ್ದು 62. ನಾಲ್ಕನೇ ವರ್ಷ 120 ಬಂದರೂ ಖರ್ಚು 28 ಮಾತ್ರ. ಆ ಯುವಕ ವೆಸ್ಲಿಯೇ ಅಂತ ಬಹಳ ಜನ ಹೇಳುತ್ತಾರೆ. ಆದಾಯ ಏರಿದಾಗ ನಾವು ಮೊದಲು ದೊಡ್ಡ ಟಿವಿ ನೋಡಲು ಹೋಗುತ್ತೇವೆ. ಈ ಲೆಕ್ಕ ಓದಿದ ಮೇಲೆ ನಮ್ಮ ಮನೆಯ ಖರ್ಚಿಗೆ ನಾನೂ ನನ್ನ ಹೆಂಡತಿಯೂ ಒಂದು ಗೆರೆ ಎಳೆದಿದ್ದೇವೆ. ವೆಸ್ಲಿಯಷ್ಟು ಬಿಗಿ ಇಲ್ಲ, ಆದರೂ ಗೆರೆ ಇದೆ.

ನಿನಗೆ ಬೆಳೆ ಹಬ್ಬ ನೆನಪಿದೆಯಾ? ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಏಲಂ. ಬಾಳೆಗೊನೆ, ಎಳನೀರು, ಬಸಳೆಯ ಕಟ್ಟು, ಕಾಲು ಕಟ್ಟಿದ ಊರ ಕೋಳಿ, ಸೇರು ಅಕ್ಕಿ. ಹತ್ತು ರೂಪಾಯಿಯ ಸೌತೆಕಾಯಿ ಮುನ್ನೂರಕ್ಕೆ ಹೋಗುತ್ತಿತ್ತು. ಕೊಂಡವನು ಅದನ್ನೇ ತಿರುಗಿ ಏಲಕ್ಕಿಡುತ್ತಿದ್ದ, ಮತ್ತೆ ಕೂಗು ಶುರು. ಒಂದು ವರ್ಷ ಹಿಂದಿನ ಮನೆಯ ಅಜ್ಜಿ ಸೆರಗಿನಲ್ಲಿ ಎರಡು ಮೊಟ್ಟೆ ಕಟ್ಟಿಕೊಂಡು ಬಂದಿದ್ದರು. ಮೇಜಿನ ಮೇಲೆ ಇಡಲು ನಾಚಿಕೆಪಟ್ಟು ಬದಿಯಲ್ಲಿ ನಿಂತಿದ್ದರು. ನಿನ್ನ ಅಪ್ಪ ಅದನ್ನು ಎತ್ತಿ ಹಿಡಿದು ತಾವೇ ಏಲಂ ಕೂಗಿದರು. ಆ ಎರಡು ಮೊಟ್ಟೆ ಅವತ್ತು ಕೋಳಿಗಿಂತ ಜಾಸ್ತಿಗೆ ಹೋದವು. ಅಜ್ಜಿ ನಗುತ್ತಾ ಅಳುತ್ತಿದ್ದರು. ಆಮೇಲೆ ನಿನ್ನ ಅಪ್ಪ ತಾವು ಕೊಂಡ ಬಾಳೆಗೊನೆಯನ್ನು ಹೊತ್ತುಕೊಂಡು ಹೋಗಿ ಅವರ ಮನೆ ಜಗಲಿಯಲ್ಲಿಟ್ಟು ಬಂದರು. ನಾವಿಬ್ಬರೂ ಹಿಂದೆ ಹಿಂದೆ ಓಡಿದ್ದೆವು. ಸಂಜೆ ಖಜಾಂಚಿಯವರು ಎಷ್ಟು ಬಂತು ಅಂತ ಎಲ್ಲರ ಮುಂದೆ ಓದಿದರು, ಪೈಸೆ ಸಮೇತ. ಕೊಡುವುದು ಅಂದರೆ ಏನು ಅಂತ ನಾವು ಕಲಿತದ್ದು ಅಲ್ಲಿ. ನಿನಗೆ ಅದು ಗೊತ್ತಿದೆ. ಕಷ್ಟದ ದಿನಗಳಲ್ಲಿ ಯಾರೋ ಬಂದು ಅದನ್ನು ಮರೆಸಿದರು, ಅಷ್ಟೇ.

ಬಡ ವಿಧವೆಯ ಎರಡು ಕಾಸಿನ ಕಥೆಯನ್ನೂ ಅವರು ಹೇಳಿದರಂತೆ, ಇದ್ದದ್ದನ್ನೆಲ್ಲ ಕೊಡಿ ಅಂತ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಆ ಕಥೆಗೆ ತೀರ ಮುಂಚೆ ಏನಿದೆ ನೋಡು. ವಿಧವೆಯರ ಮನೆಗಳನ್ನು ನುಂಗಿ, ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ಬಗ್ಗೆ ಎಚ್ಚರವಾಗಿರಿ ಅನ್ನುತ್ತಾರೆ ಯೇಸು ಸ್ವಾಮಿ. ಆಕೆಯ ಕೊನೆಯ ಕಾಸು ಪೆಟ್ಟಿಗೆಗೆ ಬೀಳುವುದನ್ನು ಅವರು ಯಾವ ಮನಸ್ಸಿನಿಂದ ನೋಡಿದರೋ! ನನಗೆ ಅಲ್ಲಿ ಮೆಚ್ಚುಗೆಯ ಜೊತೆ ಸಂಕಟವೂ ಕಾಣುತ್ತದೆ.

ಇನ್ನೊಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡ. ಆ ತಿಂಗಳು ಅಮ್ಮನ ಔಷಧಿಗೆ ಹಣ ಕಳಿಸಲಾಗಲಿಲ್ಲ ಅಂದೆ ನೀನು. ಮಾರ್ಕನ ಏಳನೇ ಅಧ್ಯಾಯದಲ್ಲಿ 'ಕೊರ್ಬಾನ್' ಅಂತ ಬರುತ್ತದೆ. ಇದು ದೇವರಿಗೆ ಇಟ್ಟದ್ದು ಅಂತ ಹೇಳಿ ತಂದೆತಾಯಿಗೆ ಕೊಡಬೇಕಾದದ್ದನ್ನು ತಪ್ಪಿಸುವವರ ಮೇಲೆ ಸ್ವಾಮಿ ಸಿಟ್ಟಾಗುತ್ತಾರೆ. ನೀನು ಅಂಥವನಲ್ಲ, ನನಗೆ ಗೊತ್ತು. ಹೆದರಿ ಕೊಟ್ಟೆ. ಆದರೆ ದೇವರು ಅಮ್ಮನ ಮಾತ್ರೆಯ ಹಣ ಕೇಳಲಿಲ್ಲ, ಅದನ್ನು ಮಾತ್ರ ನಂಬು.

ಈಗ ಏನು ಮಾಡುವುದು? ಮತ್ತೊಂದು ಬೀಜ ಅಂತ ಅವರು ಫೋನ್ ಮಾಡಿದರೆ ಬೇಡ ಅನ್ನು. ಕೊಟ್ಟದ್ದನ್ನು ಒಮ್ಮೆ ವಾಪಸು ಕೇಳಿ ನೋಡು, ಕೇಳುವುದರಲ್ಲಿ ಪಾಪ ಇಲ್ಲ. ಬಡ್ಡಿ ಏರುವ ಮುಂಚೆ ಬಳೆ ಬಿಡಿಸಿಕೋ. ನಾನು ನಾಳೆ 15,000 ಹಾಕುತ್ತೇನೆ. ಅದು ಸಾಲವೂ ಅಲ್ಲ, ಬೀಜವೂ ಅಲ್ಲ. ನನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೀನು ರಾತ್ರಿ ಬಸ್ಸಿಗೆ ಬಂದು ಕೌಂಟರಿನಲ್ಲಿ ಹಣ ಕಟ್ಟಿದ್ದೆ. ಎಷ್ಟು ಅಂತ ಇವತ್ತಿಗೂ ಹೇಳಿಲ್ಲ ನೀನು. ಉಳಿದದ್ದಕ್ಕೆ ಅಂಗಡಿಯ ಲೆಕ್ಕದ ಪುಸ್ತಕ ಹಿಡಿದುಕೊಂಡು ಕೂರೋಣ. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಅಂತ ಬರೆದು ನೋಡೋಣ. ಅದಕ್ಕೂ ಮುಂಚೆ ಪ್ರಾರ್ಥಿಸೋಣ.

ಮುಂದಿನ ತಿಂಗಳು ಬೆಳೆ ಹಬ್ಬ ಇದೆ. ಊರಿಗೆ ಬಾ, ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಾ. ನಿನ್ನೆ ನಿಮ್ಮ ಮನೆಗೆ ಹೋಗಿದ್ದೆ. ಅಮ್ಮನ ಔಷಧಿ ಸದ್ಯಕ್ಕೆ ಇದೆ, ಚಿಂತೆ ಮಾಡಬೇಡ. ಚಪ್ಪರದಲ್ಲಿ ಬಸಳೆ ತುಂಬಿಕೊಂಡಿದೆ, ಹಬ್ಬಕ್ಕೆ ಒಂದು ಕಟ್ಟು ಅಂತ ಈಗಲೇ ಎಣಿಸಿಟ್ಟಿದ್ದಾರೆ. ಈ ಸಲ ಏಲಂ ನೀನೇ ಕೂಗಬೇಕಂತೆ, ನಿನ್ನ ಸ್ವರ ಅಪ್ಪನ ಹಾಗೇ ಇದೆಯಂತೆ.

ನಿನ್ನ,
ಹಳೆಯ ಗೆಳೆಯ