ರೆಸ್ಟ್ ತಗೋ ಅನ್ನಬೇಡ

ಪ್ರೀತಿಯ ಮಗಳಿಗೆ,

ನಿನ್ನೆ ಫೋನ್ ಇಡುವಾಗ ನೀನು ಮತ್ತೆ ಅದೇ ಮಾತು ಹೇಳಿದೆ. "ಅವ್ವಾ, ಮೊಣಕಾಲು ನೋವಲ್ವಾ, ಸುಮ್ನೆ ಕೂತಿರು, ರೆಸ್ಟ್ ತಗೋ." ನಾನು ಹೂಂ ಅಂದೆ. ಆ ಹೂಂ ಸುಳ್ಳು. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀ, ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಆರು ತಿಂಗಳು ನೀನು ಹೇಳಿದ ಹಾಗೆಯೇ ಕೂತೆ. ಏನಾಯಿತು? ಬಲತೊಡೆ ಎಡತೊಡೆಗಿಂತ ಸೊರಗಿತು, ಕೈಯಲ್ಲಿ ಹಿಡಿದರೇ ಗೊತ್ತಾಗುತ್ತಿತ್ತು. ಕುರ್ಚಿಯಿಂದ ಏಳಲು ನಿಮ್ಮಪ್ಪನ ಕೈ ಬೇಕಾಯಿತು. ನಡುವೆ ಯಾರದೋ ಮಾತು ಕೇಳಿ ಎಣ್ಣೆ ತಿಕ್ಕುವವನೊಬ್ಬನ ಹತ್ತಿರ ಹೋಗಿದ್ದೆ. ಅವನು ಮೊಣಕಾಲನ್ನು ರೊಟ್ಟಿ ಹಿಟ್ಟಿನ ಹಾಗೆ ನಾದಿಬಿಟ್ಟ. ಮೂರು ದಿನ ಬಾತುಕೊಂಡಿತ್ತು. ಇದನ್ನು ನಿನಗೆ ಹೇಳಿರಲಿಲ್ಲ. ಈಗ ಹೇಳಿದ್ದೇನೆ, ಬೈಯಬೇಡ.

ಆಮೇಲೆ ಸಿಕ್ಕಿದ್ದು ಈ ಫಿಜಿಯೋಥೆರಪಿ ಹುಡುಗಿ. ನಿನಗಿಂತ ಸಣ್ಣವಳು, ಗದರಿಸುವುದರಲ್ಲಿ ಮಾತ್ರ ನಿನಗಿಂತ ದೊಡ್ಡವಳು. ಎಕ್ಸ್‌ರೇ ಬೆಳಕಿಗೆ ಹಿಡಿದು, ಎರಡು ಎಲುಬಿನ ನಡುವಿನ ಸಂದು ಎಷ್ಟು ಕಿರಿದಾಗಿದೆ ತೋರಿಸಿದಳು. ಅಲ್ಲಿರುವ ನುಣುಪಾದ ಮೆತ್ತೆ ಸವೆದಿದೆ, ಅದು ಮತ್ತೆ ಬೆಳೆಯುವುದಿಲ್ಲ ಅಂತ ಮುಖಕ್ಕೇ ಹೇಳಿದಳು. ನನಗೆ ಆ ನೇರ ಮಾತು ಹಿಡಿಸಿತು. ಆ ಮೆತ್ತೆಗೆ ರಕ್ತನಾಳವೇ ಇಲ್ಲವಂತೆ. ಕೀಲಿನೊಳಗಿನ ನೀರಿನಿಂದಲೇ ಅದರ ಊಟ. ಕಾಲು ಆಡಿದರೆ ಆ ನೀರು ಒಳಗೆ ಹೊರಗೆ ಹರಿದಾಡುತ್ತದೆ. ನಮ್ಮ ಓಣಿಯ ಬೋರಿಂಗ್ ನೆನಪಿದೆ ಅಲ್ವಾ? ಹೊಡೆದರೆ ನೀರು, ಬಿಟ್ಟರೆ ಇಲ್ಲ. ಇನ್ನು ತೊಡೆ ಗಟ್ಟಿಯಾದರೆ ಮೊಣಕಾಲಿನ ಭಾರದಲ್ಲಿ ಪಾಲು ಹಂಚಿಕೊಳ್ಳುತ್ತದೆ. ನಾನು ಆರು ತಿಂಗಳು ಕೂತು ಆ ತೊಡೆಯನ್ನೇ ಕರಗಿಸಿಕೊಂಡಿದ್ದೆ.

ಈಗ ಬೆಳಿಗ್ಗೆ ಎದ್ದ ಕೂಡಲೇ ಮಂಚದ ಮೇಲೇ ಶುರು. ನಿಮ್ಮಪ್ಪನ ಹಳೇ ಟವೆಲ್ ಸುರುಳಿ ಸುತ್ತಿ ಮೊಣಕಾಲ ಕೆಳಗೆ ಇಟ್ಟುಕೊಳ್ಳುತ್ತೇನೆ. ಅದನ್ನು ಕೆಳಕ್ಕೆ ಒತ್ತಿ ಹಿಡಿದು ಐದು ಎಣಿಸಬೇಕು, ಬಿಡಬೇಕು. ಒಂದೊಂದು ಕಾಲಿಗೆ ಹತ್ತು ಸಲ. ಇಷ್ಟೇನಾ ಅಂತ ನಾನೂ ನಕ್ಕಿದ್ದೆ. ಮೊದಲ ದಿನ ಕಾಲು ನನ್ನ ಮಾತೇ ಕೇಳಲಿಲ್ಲ. ತೊಡೆಗೆ ಬಿಗಿ ಅಂದರೆ ಕುತ್ತಿಗೆ ಬಿಗಿಯುತ್ತಿತ್ತು, ಹಲ್ಲು ಕಚ್ಚುತ್ತಿತ್ತು. ಒಂಬತ್ತನೇ ದಿನವೋ ಹತ್ತನೇ ದಿನವೋ, ಮೊಣಕಾಲ ಚಿಪ್ಪು ಚೂರು ಮೇಲಕ್ಕೆ ಸರಿಯಿತು. ಕಣ್ಣಿಗೆ ಕಂಡಿತು! ನಿಮ್ಮಪ್ಪನನ್ನು ಕರೆದು ತೋರಿಸಿದೆ. ಅವರು ಪೇಪರ್‌ನಿಂದ ತಲೆ ಎತ್ತಿ "ಹೌದೇನು" ಅಂದರು, ಅಷ್ಟೇ.

ಆಮೇಲೆ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದು ಗೇಣು ಮೇಲೆತ್ತಿ ಹಿಡಿಯುವುದು. ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸಿ ಹತ್ತಿರ ಎಳೆದುಕೊಳ್ಳುವುದು. ಕೊನೆಗೆ ಕುರ್ಚಿ. ಜಾರದ ಹಾಗೆ ಗೋಡೆಗೆ ಒತ್ತಿಟ್ಟು, ಮೇಲೊಂದು ದಿಂಬು ಹಾಕಿ ಎತ್ತರ ಮಾಡಿ, ಕೈ ಊರದೆ ಎದ್ದು ಕೂರಬೇಕು. ಐದೇ ಸಲ.

ಒಮ್ಮೆ ಹುರುಪಿನಲ್ಲಿ ಇಪ್ಪತ್ತು ಸಲ ಎದ್ದು ಕೂತೆ. ಸಂಜೆವರೆಗೂ ನೋವು. ಆಗ ಆ ಹುಡುಗಿ ಲೆಕ್ಕ ಹೇಳಿಕೊಟ್ಟಳು. ಮಾಡುವಾಗ ಸ್ವಲ್ಪ ನೋಯಲಿ, ಪರವಾಗಿಲ್ಲ. ಮುಗಿಸಿ ಎರಡು ತಾಸಾದ ಮೇಲೂ ನೋವು ಜಾಸ್ತಿಯೇ ಇದ್ದರೆ ಅವತ್ತು ಅತಿ ಮಾಡಿದ್ದೀರಿ ಅಂತ ಅರ್ಥ. ನಾಳೆ ಕಡಿಮೆ ಮಾಡಿ, ಆದರೆ ಪೂರ್ತಿ ಬಿಡಬೇಡಿ. ಕೀಲು ಬಿಸಿಯಾಗಿ ಬಾತಿದ್ದರೆ ಮಾತ್ರ ಜೋರು ಮಾಡಬಾರದು, ಮೆಲ್ಲಗೆ ಮಡಚಿ ಚಾಚಿದರೆ ಸಾಕು.

ನಿನ್ನ ಚಿಕ್ಕವ್ವನದು ಬೇರೆ ಕತೆ. ಅವಳಿಗೆ ಬೆಳಿಗ್ಗೆ ಬೆರಳು ಬಿಡಿಸಿಕೊಳ್ಳಲು ತಾಸಿಗಿಂತ ಜಾಸ್ತಿ ಬೇಕು. ಅದು ಸವೆತ ಅಲ್ಲ. ಮೈಯ ರಕ್ಷಣೆಯ ಶಕ್ತಿಯೇ ತಪ್ಪಿ ಕೀಲಿನ ಮೇಲೆ ಬೀಳುವ ಸಂಧಿವಾತ. ನನ್ನನ್ನು ನೋಡಿ ಅವಳು ಗುಳಿಗೆ ಬಿಟ್ಟು ಬರೀ ವ್ಯಾಯಾಮ ಮಾಡುತ್ತೇನೆ ಅಂದಳು. ನೀನೂ ಫೋನ್ ಮಾಡಿ ಬುದ್ಧಿ ಹೇಳು, ಡಾಕ್ಟರು ಕೊಟ್ಟ ಗುಳಿಗೆ ಬಿಟ್ಟರೆ ಕೀಲು ಕೆಡುತ್ತವೆ. ಬೆಚ್ಚಗಿನ ನೀರಿನಲ್ಲಿ ಮುಷ್ಟಿ ಹಿಡಿದು ಬಿಡಿಸುವುದನ್ನು ಅವಳಿಗೆ ಕಲಿಸಿದ್ದೇನೆ. ಅದು ಗುಳಿಗೆಯ ಜೊತೆಗೆ.

ಬಿಸಿಲು ಏರುವ ಮುಂಚೆ ಗವಿಮಠದ ಕಡೆ ನಡೆದು ಬರುತ್ತೇನೆ. ಮೂರೂವರೆ ಕಿಲೋ ಇಳಿದಿದ್ದೇನೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆಯಂತೆ. ಲೆಕ್ಕ ಹಾಕಿದರೆ 14 ಕಿಲೋ ಆಯಿತು. ಒಂದು ಸಿಲಿಂಡರಿನೊಳಗಿನ ಗ್ಯಾಸಿನಷ್ಟು! ಅದನ್ನು ಹೊತ್ತುಕೊಂಡೇ ತಿರುಗುತ್ತಿದ್ದೆನಲ್ಲ. ಮೆಟ್ಟಿಲು ಬಂದರೆ ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಕೋಲು ನೋವಿಲ್ಲದ ಕಡೆಯ ಕೈಯಲ್ಲಿ. ನಾನು ಇಷ್ಟು ದಿನ ಉಲ್ಟಾ ಹಿಡಿಯುತ್ತಿದ್ದೆ. ಅಂಜನಾದ್ರಿಯ 575 ಮೆಟ್ಟಿಲಿಗೆ ನನ್ನನ್ನು ಕರೆಯಬೇಡ. ಹನುಮಪ್ಪನಿಗೆ ಕೆಳಗಿನಿಂದಲೇ ಕೈ ಮುಗಿಯುತ್ತೇನೆ.

ಗವಿಮಠದ ಜಾತ್ರೆ ಹತ್ತಿರ ಬಂತು. ಮಹಾದಾಸೋಹಕ್ಕೆ ಓಣಿಯ ಹೆಂಗಸರೆಲ್ಲ ರೊಟ್ಟಿ ಬಡಿಯುತ್ತಿದ್ದಾರೆ. ಹೋದ ವರ್ಷ ಆ ಸಪ್ಪಳ ಕೇಳುತ್ತ ಒಳಗೆ ಮಲಗಿದ್ದೆ, ಮೊಣಕಾಲಿಗಿಂತ ಅದು ಜಾಸ್ತಿ ನೋಯಿಸಿತು. ಈ ಸಲ ನೆಲದ ಮೇಲೆ ಕಾಲು ಮಡಚಿ ಕೂರುವ ಹಟ ಬಿಟ್ಟೆ. ಗ್ಯಾಸ್ ಕಟ್ಟೆಯ ಮುಂದೆ ನಿಂತು ಬಡಿಯುತ್ತೇನೆ. ಹತ್ತು ರೊಟ್ಟಿ ಆದ ಮೇಲೆ ಕೂರುತ್ತೇನೆ, ಮತ್ತೆ ಹತ್ತು. ನಿಂತು ಬಡಿದ ರೊಟ್ಟಿ ಅಷ್ಟು ದುಂಡಗೆ ಬರುವುದಿಲ್ಲ ಅಂತ ಪಕ್ಕದ ಮನೆಯವರು ಅಂದರು. ಅನ್ನಲಿ ಬಿಡು. ನಿನ್ನೆಗೆ ಅರವತ್ತು ಆಗಿವೆ, ಒಣಗಿಸಿ ಇಟ್ಟಿದ್ದೇನೆ.

ನೀನು ಬಂದಾಗ ನೀರಿನ ಲೋಟ ತಂದು ನನ್ನ ಕೈಗೆ ಕೊಡಬೇಡ. ನಾನು ಎದ್ದರೆ "ಕೂತ್ಕೋ ಕೂತ್ಕೋ" ಅನ್ನಬೇಡ. ಬೇಕಾದರೆ ಬೆಳಿಗ್ಗೆ ಜೊತೆಗೆ ನಡೆಯಲು ಬಾ. ಆ ಮೆತ್ತನೆ ಅಡಿಯ ಬೂಟು ಒಂದು ಜೊತೆ ತಾ. ಬಿಳಿ ಬೇಡ, ನಮ್ಮೂರ ಧೂಳು ನಿನಗೆ ಗೊತ್ತಲ್ಲ.

ಹಂಪಿ ಎಕ್ಸ್‌ಪ್ರೆಸ್‌ಗೆ ಬರುತ್ತೀ ಅಲ್ವಾ? ಬಾಗಿಲು ನಾನೇ ತೆಗೆಯುತ್ತೇನೆ. ಸ್ವಲ್ಪ ತಡವಾಗುತ್ತದೆ. ಬೆಲ್ ಒಂದೇ ಸಲ ಒತ್ತು.

ನಿನ್ನ,
ಅವ್ವ
ಕೊಪ್ಪಳ