ಐಸಿಯು ಬಾಗಿಲ ಹೊರಗೂ ಒಬ್ಬರು ಬೇಕು

ವೈದ್ಯಕೀಯ ಶಿಕ್ಷಣ ಸಚಿವರಿಗೆ ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ಕಲಬುರಗಿಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಚಾಪ್ಲಿನ್. ಪದ ಕೇಳಿ ನಗು ಬಂದರೆ ಬೇಜಾರಿಲ್ಲ, ಎಲ್ಲರಿಗೂ ಬರುತ್ತದೆ. ನನ್ನ ರೂಮಿಗೆ ಬೋರ್ಡ್ ಬರೆಯಲು ಬಂದ ಪೇಂಟರ್, "ಮುಂದ ಚಾರ್ಲಿ ಅಂತ ಬರೀಲೇನ್ರೀ ಮೇಡಂ?" ಅಂತ ಕೇಳಿದ್ದ. ಹನ್ನೊಂದು ವರ್ಷವಾಯಿತು. ಈಗಲೂ ಬೋರ್ಡ್ ನೋಡಿ, ಒಳಗೆ ತಲೆ ಹಾಕಿ, "ಎಕ್ಸ್‌ರೇ ಇಲ್ಲೇ ತೆಗೀತಾರೇನ್ರೀ?" ಅನ್ನುವವರಿದ್ದಾರೆ.

ಅದಕ್ಕೂ ಮುಂಚೆ ಹತ್ತೊಂಬತ್ತು ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ಹುಟ್ಟಿದ್ದು ಬೀದರಿನ ಮೆಥಡಿಸ್ಟ್ ಮನೆಯಲ್ಲಿ. ಈಗಿನ ಕೆಲಸ ಅಂದರೆ ರೋಗಿಯ ಪಕ್ಕ ಕೂರುವುದು, ಅವರ ಮನೆಯವರ ಪಕ್ಕ ಕೂರುವುದು. ಮಾತಾಡಿದರೆ ಕೇಳುತ್ತೇನೆ. ಪ್ರಾರ್ಥನೆ ಬೇಕು ಅಂದರೆ ಅವರವರ ಪದ್ಧತಿಗೆ ತಕ್ಕ ಹಾಗೆ ದಾರಿ ಮಾಡಿಕೊಡುತ್ತೇನೆ. ಏನೂ ಬೇಡ ಅಂದರೆ ಸುಮ್ನೆ ಇರುತ್ತೇನೆ. ಇಂಗ್ಲೆಂಡಿನಲ್ಲಿ 1948ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಶುರುವಾದಾಗಿನಿಂದ ಈ ಕೆಲಸಕ್ಕೆ ಆಸ್ಪತ್ರೆಯೇ ಸಂಬಳ ಕೊಡುತ್ತದೆ. ನಮ್ಮ ದೇಶದಲ್ಲಿ ವೆಲ್ಲೂರಿನ ಸಿಎಂಸಿಯಂಥ ಮಿಷನ್ ಆಸ್ಪತ್ರೆಗಳಲ್ಲಿ ಇದಕ್ಕೆ ಬೇರೆ ವಿಭಾಗವೇ ಇದೆ. ನಮ್ಮ ಕಡೆಯ ಸರ್ಕಾರಿ ದವಾಖಾನೆಯಲ್ಲಿ ಮಾತ್ರ ಇಂಥ ಒಬ್ಬರನ್ನೂ ನಾನು ನೋಡಿಲ್ಲ.

ನಿಮಗೆ ಬರೆಯುವ ಕಾರಣ ಇಷ್ಟೇ. ನೀವು ಸೇಡಂನಿಂದ ಗೆದ್ದವರು, ನೀವೇ ಡಾಕ್ಟರ್. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ನಿಮ್ಮ ಇಲಾಖೆಗೇ ಬರುತ್ತವೆ. ಆ ಮೂರು ಕಡೆ ಈ ಕೆಲಸಕ್ಕೆ ಒಬ್ಬೊಬ್ಬರನ್ನು ಸಂಬಳ ಕೊಟ್ಟು ಇಡಿ. ಜೊತೆಗೆ ಬಾಗಿಲಿರುವ ಒಂದು ರೂಮು ಕೊಡಿ.

ನೆಟೆ ರೋಗಕ್ಕೆ ತೊಗರಿ ಒಣಗಿದ ವರ್ಷದ ಮಾತು. ಒಬ್ಬ ಹುಡುಗನನ್ನು ತಂದರು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ನಮ್ಮ ಕಡೆ ಇಂಥ ಕೇಸಿಗೆ ಏನಂತಾರೆ ನಿಮಗೆ ಗೊತ್ತು. "ಎಣ್ಣಿ ಕುಡಿದಾನ್ರೀ" ಅಂದರು ಜೀಪಿನಿಂದ ಇಳಿಸಿದವರು. ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ. ಆ ವಿಷಕ್ಕೆ ಮದ್ದಾಗಿ ಅಟ್ರೋಪಿನ್ ಶುರುವಾಯಿತು. ಅಟ್ರೋಪಿನ್ ಏರಿದಾಗ ರೋಗಿ ಹೇಗಾಗುತ್ತಾನೆ ಅಂತ ಡಾಕ್ಟರಾದ ನಿಮಗೆ ಹೇಳಬೇಕಿಲ್ಲ. ಅವನ ತಾಯಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಮುಖ ಕೆಂಪಗೆ, ಬಾಯಿ ಒಣಗಿ, ಕೈಗಳನ್ನು ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿದ್ದಾರೆ. ಬೆರಳು ಮಾತ್ರ ಆಡುತ್ತಿವೆ. ಗಾಳಿಯಲ್ಲಿ ಏನೋ ಕಿತ್ತು ಕಿತ್ತು ಮಡಿಲಿಗೆ ಹಾಕಿಕೊಂಡ ಹಾಗೆ. ತಾಯಿ ಗಾಜಿನ ಬಾಗಿಲಿನಿಂದ ನೋಡುತ್ತಾ ನಿಂತಿದ್ದಳು. "ಕಾಯಿ ಹರೀಲಾಕತ್ತಾನ ನೋಡವ್ವ," ಅಂದಳು. "ತೊಗರಿ ಕಾಯಿ ಹರೀಲಾಕತ್ತಾನ. ಹುಚ್ಚ ಹಿಡೀತೇನು ನನ್ನ ಮಗಗ?"

ಅದು ಔಷಧದಿಂದ ಹಾಗೆ, ಇಳಿಸಿದರೆ ಸರಿಹೋಗುತ್ತಾನೆ ಅಂದೆ. ನಂಬಲಿಲ್ಲ. ಡ್ಯೂಟಿ ಡಾಕ್ಟರ್ ಕೈಯಲ್ಲಿ ಒಂದು ಮಾತು ಹೇಳಿಸಿದೆ, ಆಗ ಕೂತಳು. ಆಮೇಲೆ ನಿಜವಾದ ಭಯ ಹೊರಗೆ ಬಂತು. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಆಸ್ಪತ್ರೆ ಕೇಸು) ಬರೆದುಕೊಳ್ಳಲು ಪೊಲೀಸರು ಬಂದಿದ್ದರು. ಮಗ ಬದುಕಿದರೆ ಜೈಲಿಗೆ ಹಾಕುತ್ತಾರೆ ಅಂತ ಊರಲ್ಲಿ ಯಾರೋ ಹೇಳಿ ಕಳಿಸಿದ್ದರು. ಮಗ ಉಳಿಯಲಿ ಅಂತ ಬೇಡಿಕೊಳ್ಳುವುದಕ್ಕೂ ಆ ತಾಯಿ ಹೆದರುತ್ತಿದ್ದಳು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಬಗ್ಗೆ ನನಗೆ ಗೊತ್ತಿತ್ತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡುವಂತಿಲ್ಲ ಅನ್ನುತ್ತದೆ ಅದು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಆತ್ಮಹತ್ಯೆ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ 309ನೇ ಕಲಮಿಗೆ ಜಾಗವೇ ಇಲ್ಲ. ಇಷ್ಟಾದರೂ ಹಳ್ಳಿಗಳಲ್ಲಿ ಆ ಭಯ ಹೋಗಿಲ್ಲ. ಆ 115ನೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ. ಅಂಥವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ. ಅಟ್ರೋಪಿನ್ನು ಚಿಕಿತ್ಸೆ, ಸರಿ. ಉಳಿದೆರಡನ್ನು ಯಾರು ಮಾಡಬೇಕು?

ಡಿಸ್ಚಾರ್ಜ್ ದಿನ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಮುಂದಿನ ವರ್ಷ ಎಳ್ಳಮಾಸಿಗೆ ತಾಯಿ ಮಗ ಇಬ್ಬರೂ ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಬಂದರು. ಭಜ್ಜಿಗೆ ಉಪ್ಪು ಜಾಸ್ತಿ ಆಗಿತ್ತು. ಪೂರ್ತಿ ತಿಂದೆ.

ಸುಮ್ನೆ ಕೂರುವುದಕ್ಕೆ ಟ್ರೇನಿಂಗ್ ಬೇಕಾ ಅಂತ ಕೇಳುವವರಿದ್ದಾರೆ. ಬೇಕು. ಅಮೆರಿಕದಲ್ಲಿ ಆಂಟನ್ ಬಾಯ್ಸನ್ ಅಂತ ಒಬ್ಬ ಪಾದ್ರಿ ಇದ್ದರು. ಅವರಿಗೇ ಮಾನಸಿಕ ಕಾಯಿಲೆ ಬಂದು ಆಸ್ಪತ್ರೆ ಸೇರಿದ್ದರು. ಹುಷಾರಾದ ಮೇಲೆ, 1925ರಲ್ಲಿ, ವುಸ್ಟರ್ ಊರಿನ ಮಾನಸಿಕ ಆಸ್ಪತ್ರೆಗೆ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ವಾರ್ಡಿನಲ್ಲೇ ಪಾಠ ಶುರು ಮಾಡಿದರು. ಪುಸ್ತಕ ಓದಿದ ಹಾಗೆ ಮನುಷ್ಯರನ್ನೂ ಓದಬೇಕು ಅನ್ನುವುದು ಅವರ ವಾದ. ಅದೇ ಪದ್ಧತಿಯಲ್ಲಿ ನಾನೂ ಕಲಿತೆ. ರೋಗಿಯ ಜೊತೆ ಆಡಿದ ಮಾತನ್ನು ರಾತ್ರಿ ಕೂತು ಅಕ್ಷರ ಬಿಡದೆ ಬರೆಯಬೇಕು. ಅದಕ್ಕೆ ವರ್ಬೇಟಿಮ್ ಅಂತಾರೆ. ಮರುದಿನ ಎಲ್ಲರ ಮುಂದೆ ಓದಬೇಕು. ನನ್ನ ಮೊದಲ ವರ್ಬೇಟಿಮ್‌ನಲ್ಲಿ ರೋಗಿಯ ಮಾತು ನಾಲ್ಕು ಸಾಲು, ನನ್ನದು ಎರಡು ಪುಟ. ನಮ್ಮ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ. "ಇಲ್ಲಿ ಕಾಯಿಲೆ ಯಾರಿಗಿತ್ತಮ್ಮ?"

ನರ್ಸ್ ಆಗಿದ್ದಾಗ ಕಾಣದೇ ಇದ್ದದ್ದು ಆಮೇಲೆ ಕಾಣತೊಡಗಿತು. ನಮ್ಮ ರೋಗಿಗಳ ಕೈ ನೋಡಿರುತ್ತೀರಿ. ಮಣಿಕಟ್ಟಿಗೆ ಬಂದೇ ನವಾಜ್ ದರ್ಗಾದ ದಾರ, ಹಣೆಗೆ ಶರಣಬಸಪ್ಪನ ಗುಡಿಯ ವಿಭೂತಿ. ಎರಡೂ ಒಬ್ಬನೇ ಮನುಷ್ಯನಿಗೆ. ಐವಿ ಹಾಕುವಾಗ ದಾರ ಅಡ್ಡ ಬರುತ್ತದೆ, ಕತ್ತರಿ ಆಡಿಸಿ ಹಳದಿ ಡಬ್ಬಿಗೆ ಹಾಕುತ್ತೇವೆ. ನಾನೇ ಎಷ್ಟು ದಾರ ಕತ್ತರಿಸಿದ್ದೇನೋ ಲೆಕ್ಕವಿಲ್ಲ. ಒಂದು ಸಲ ಒಬ್ಬ ಅಜ್ಜಿ ಆ ಡಬ್ಬಿಯಲ್ಲಿ ಕೈ ಹಾಕಿ ಹುಡುಕುತ್ತಿದ್ದಳು. ಸೂಜಿ ಚುಚ್ಚುತ್ತದೆ ಅಂತ ನಾನು ಬೈದೆ. ಈಗ ಬಿಚ್ಚಿ ಇನ್ನೊಂದು ಕೈಗೆ ಕಟ್ಟುತ್ತೇವೆ. ಒಂದು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಕೊನೆ ಉಸಿರಿನಲ್ಲಿದ್ದ ಒಬ್ಬ ಮುಸ್ಲಿಂ ಹಿರಿಯರ ಮಗ ಬಂದು, "ಅಬ್ಬಾ ಕಾ ಮೂ ಕಿಬ್ಲೇ ಕು ಕರೋ ಅಮ್ಮಾ" ಅಂದ. ಮುಖ ಪಶ್ಚಿಮಕ್ಕೆ ಬರಬೇಕು. ಮಂಚ ತಿರುಗಿಸಲು ಹೋದರೆ ಗೋಡೆಯ ಆಕ್ಸಿಜನ್ ಪೈಪು ಸಾಲುವುದಿಲ್ಲ. ವಾರ್ಡ್ ಬಾಯ್ ಸ್ಟೋರಿನಿಂದ ಒಂದು ಸಿಲಿಂಡರ್ ಉರುಳಿಸಿಕೊಂಡು ಬಂದ. ಮೂವರು ಸೇರಿ ಮಂಚ ತಿರುಗಿಸಿದೆವು. ಪಕ್ಕದ ಬೆಡ್ಡಿನ ಲಂಬಾಣಿ ಯಜಮಾನ ತನ್ನ ಸ್ಟೂಲು ಎತ್ತಿ ಜಾಗ ಮಾಡಿಕೊಟ್ಟ. ಲಿಂಗಾಯತರ ಮನೆಯಲ್ಲಿ ಸಾವಾದರೆ ಅವಸರ ಬೇರೆ ರೀತಿಯದು. ಅವರಲ್ಲಿ ಕೂಡಿಸಿ ಮಣ್ಣು ಮಾಡುತ್ತಾರೆ. ಬಿಲ್ಲು, ಸಹಿ, ಗೇಟ್ ಪಾಸು ಅಂತ ನಾಲ್ಕೈದು ತಾಸು ತಡವಾದರೆ ಮೈ ಸೆಟೆದುಕೊಳ್ಳುತ್ತದೆ, ಕಾಲು ಮಡಿಸಲು ಬರುವುದಿಲ್ಲ. ಕ್ಯಾಶ್ ಕೌಂಟರಿನ ಹುಡುಗನಿಗೆ ಇದನ್ನು ಹೇಳಿದರೆ ಸಾಕು, ಆ ಫೈಲು ಮೇಲೆ ಬರುತ್ತದೆ. ಆದರೆ ಹೇಳುವವರು ಬೇಕಲ್ಲ. ಮನೆಯವರಿಗೆ ಆ ಹೊತ್ತಿನಲ್ಲಿ ಬಾಯಿ ಬರುವುದಿಲ್ಲ.

ಈಗ ನಿಮ್ಮ ಮನಸ್ಸಿಗೆ ಬಂದಿರಬಹುದಾದ ಪ್ರಶ್ನೆ. ಕ್ರಿಶ್ಚಿಯನ್ ಹೆಂಗಸು, ಸಾಯುವವರ ಹಾಸಿಗೆ. ಮತಾಂತರ ಮಾಡಲ್ವಾ? ಮುಖದ ಮೇಲೆಯೇ ಕೇಳಿದವರಿದ್ದಾರೆ, ಕೇಳುವುದು ತಪ್ಪೂ ಅಲ್ಲ. ನಮ್ಮ ವಾರ್ಡಿನಲ್ಲಿ ಒಬ್ಬ ಸ್ವಯಂಸೇವಕ ದಿಂಬುಗಳ ಕೆಳಗೆ ಕರಪತ್ರ ಇಟ್ಟು ಹೋಗಿದ್ದ. ಎಲ್ಲವನ್ನೂ ಎತ್ತಿ ಅವನ ಕೈಗೇ ಕೊಟ್ಟು, ಇನ್ನು ಬರಬೇಡ ಅಂತ ಕಳಿಸಿದೆ. ನಮ್ಮ ಚರ್ಚಿನಲ್ಲೇ ಕೆಲವರು ನನ್ನ ಜೊತೆ ಮಾತು ಬಿಟ್ಟರು. ಬೀದಿಯಲ್ಲಿ ಪ್ರಚಾರ ಮಾಡಿದರೆ ಬೇಡದವನು ಎದ್ದು ಹೋಗಬಹುದು. ಆಕ್ಸಿಜನ್ ಮಾಸ್ಕ್ ಹಾಕಿಕೊಂಡವನು ಎಲ್ಲಿಗೆ ಹೋಗುತ್ತಾನೆ? ಅದಕ್ಕೇ ಸರ್ಕಾರಿ ಆಸ್ಪತ್ರೆಯ ಹುದ್ದೆ ಯಾವ ಧರ್ಮದ್ದೂ ಆಗಬಾರದು. ಮಠದವರು ಬರಲಿ, ಬುದ್ಧ ವಿಹಾರದವರು ಬರಲಿ, ದೇವರನ್ನು ನಂಬದವರೂ ಬರಲಿ. ತಾನಾಗಿ ತನ್ನ ಧರ್ಮದ ಮಾತು ಎತ್ತಿದರೆ ಕೆಲಸ ಹೋಗುತ್ತದೆ ಅಂತ ನೇಮಕಾತಿ ಪತ್ರದಲ್ಲೇ ಬರೆಯಿರಿ. ಮೌಲ್ವಿ, ಸ್ವಾಮಿಗಳು, ಪಾಸ್ಟರ್, ಭಂತೇಜಿ, ಬೀದರಿನಲ್ಲಾದರೆ ಗುರುದ್ವಾರದ ಗ್ಯಾನಿಗಳ ಫೋನ್ ನಂಬರ್ ಅವರ ಹತ್ತಿರ ಇರಲಿ. ರೋಗಿ ಕೇಳಿದರೆ ಕರೆಸಲಿ.

ಇನ್ನೊಂದು ವಿಷಯ, ಇದು ಸ್ವಲ್ಪ ಭಾರದ್ದು. 2025ರ ಜನವರಿ ಕೊನೆಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಒಂದು ಆದೇಶ ಹೊರಡಿಸಿತು. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಹಾಕಿರುವ ಯಂತ್ರಗಳನ್ನು ನಿಲ್ಲಿಸುವ ಕ್ರಮ ಅದರಲ್ಲಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಸರಳ ಮಾಡಿದ ಕ್ರಮ. ಮೂವರು ಡಾಕ್ಟರ್‌ಗಳ ಒಂದು ಮಂಡಳಿ, ಅದರ ಮೇಲೆ ಇನ್ನೊಂದು ಮಂಡಳಿ, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಒಂದು ಪ್ರತಿ. ಒಳ್ಳೆಯ ಆದೇಶ, ನಾನು ಒಪ್ಪುತ್ತೇನೆ. ಆದರೆ "ಮನೆಯವರ ಒಪ್ಪಿಗೆ" ಅನ್ನುವ ಎರಡು ಪದದಲ್ಲಿ ಎಷ್ಟು ಜನ ಇರುತ್ತಾರೆ ಗೊತ್ತಾ? ಒಂದು ಮನೆಯಲ್ಲಿ ದೊಡ್ಡ ಮಗ ಆಯ್ತು ಅಂದ. ಸಣ್ಣವನು ಪುಣೆಯಲ್ಲಿ ಗೌಂಡಿ ಕೆಲಸಕ್ಕೆ ಹೋದವನು, ನಾನು ಬರೋ ತನಕ ಮುಟ್ಟಬೇಡಿ ಅಂತ ಫೋನಿನಲ್ಲಿ ಕೂಗುತ್ತಿದ್ದ. ಅಳಿಯ ಖರ್ಚಿನ ಲೆಕ್ಕ ಹೇಳುತ್ತಿದ್ದ. ಹೆಂಡತಿಯನ್ನು ಯಾರೂ ಕೇಳಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕ ಹೋಗಿ ಕೂತೆ. ತುಂಬಾ ಹೊತ್ತಾದ ಮೇಲೆ ಕೇಳಿದಳು.

"ನಾ ಹೂಂ ಅಂದ್ರ, ನಾನೇ ಕೊಂದಂಗ ಆಗ್ತದೇನವ್ವ?"

ಈ ಪ್ರಶ್ನೆಗೆ ಫಾರಂನಲ್ಲಿ ಕಾಲಂ ಇಲ್ಲ. ಅವತ್ತು ನಾನು ಉತ್ತರ ಕೊಡಲಿಲ್ಲ. ಅವಳ ಗಂಡ ಹೆಂಗಿದ್ದ, ಏನು ಇಷ್ಟಪಡುತ್ತಿದ್ದ ಅಂತ ಕೇಳಿದೆ. ಎತ್ತು ಸತ್ತಾಗ ಮೂರು ದಿನ ಊಟ ಬಿಟ್ಟಿದ್ದನಂತೆ. ಮರುದಿನ ಡಾಕ್ಟರನ್ನು ಕರೆದುಕೊಂಡು ಬಂದೆ. ಅವರು ಅವಳ ಮುಂದೆ ನೆಲದ ಮೇಲೆ ಕೂತು, ಯಂತ್ರ ಏನು ಮಾಡುತ್ತಿದೆ, ಏನು ಮಾಡಲಾರದು ಅಂತ ಹೇಳಿದರು. ಸಣ್ಣ ಮಗ ಬಂದ ಮೇಲೆ ಅವಳೇ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದಳು.

ಡಾಕ್ಟರ್‌ಗಳ ಮೇಲೆ ದೂರು ಹೇಳುತ್ತಿಲ್ಲ. 2019ರ ಹೊಸ ಪಠ್ಯಕ್ರಮದಲ್ಲಿ ರೋಗಿಯ ಜೊತೆ ಮಾತಾಡುವುದನ್ನೂ ಪಾಠವಾಗಿ ಸೇರಿಸಿದ್ದಾರೆ, ಹೊಸ ಹುಡುಗ ಹುಡುಗಿಯರಿಗೆ ಮನಸ್ಸಿದೆ. ಟೈಮಿಲ್ಲ, ಜಾಗವಿಲ್ಲ. ಬೇರೊಂದು ದೊಡ್ಡ ಆಸ್ಪತ್ರೆಯಲ್ಲಿ ನನ್ನ ಸಂಬಂಧಿಕರ ಜೊತೆ ಇದ್ದಾಗ ನೋಡಿದ್ದು ಇದು. ಚಿತ್ತಾಪುರ ಕಡೆಯ ಒಬ್ಬ ಹುಡುಗನಿಗೆ ಅಪ್ಪ ತೀರಿಹೋದ ಸುದ್ದಿಯನ್ನು ಲಿಫ್ಟ್ ಮುಂದೆ ಹೇಳಿದರು. ಅಷ್ಟರಲ್ಲಿ ಲಿಫ್ಟ್ ಬಾಗಿಲು ತೆರೆಯಿತು, ಊಟದ ಗಾಡಿ ಹೊರಗೆ ಬಂತು. "ಸರೀರಿ, ಸರೀರಿ" ಅಂದರು ಗಾಡಿಯವರು. ಹುಡುಗ ಸರಿದು ನಿಂತ. ಬಾಗಿಲಿರುವ ರೂಮು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಎಸಿ ಬೇಡ. ನಾಲ್ಕು ಕುರ್ಚಿ, ಒಂದು ಕೊಡ ನೀರು, ಒಳಗಿನಿಂದ ಹಾಕುವ ಚಿಲಕ.

ದುಡ್ಡಿನ ಮಾತು. 371 ಹಾಸಿಗೆಯ ಜಯದೇವ ಆಸ್ಪತ್ರೆ ಕಲಬುರಗಿಗೆ ಬಂದಾಗ ನಾವೆಲ್ಲ ಖುಷಿಪಟ್ಟೆವು. ಆ ಸಂಖ್ಯೆ ಕೇಳಿದರೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಕಲಂ ನೆನಪಾಗುತ್ತದೆ. ಎದೆನೋವು ಅಂದರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುತ್ತಿದ್ದ ಜನ ನಾವು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಮೂರು ಜನರ ಸಂಬಳ ಯಾವ ಮೂಲೆಗೆ? ನೋವು ಮೈಯದ್ದಷ್ಟೇ ಅಲ್ಲ, ಮನಸ್ಸಿನದ್ದೂ ಆತ್ಮದ್ದೂ ಇರುತ್ತದೆ, ಅದನ್ನೂ ನೋಡಿಕೊಳ್ಳಬೇಕು ಅಂತ ಉಪಶಮನ ಆರೈಕೆಯ (ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ವಿವರಣೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದ್ದರಿಂದ ಇದು ನನ್ನ ಹೊಸ ಕಲ್ಪನೆಯೇನೂ ಅಲ್ಲ. ನಮ್ಮ ಭಾಗದವರನ್ನೇ ತೆಗೆದುಕೊಳ್ಳಿ. ಕನ್ನಡದ ಜೊತೆ ದಖನಿ ಬರಬೇಕು. ಯಾದಗಿರಿಗಾದರೆ ತೆಲುಗು, ಬೀದರಿಗಾದರೆ ಮರಾಠಿ. ಲಂಬಾಣಿ ಮಾತು ಬರುವವರು ಸಿಕ್ಕರಂತೂ ಅವರನ್ನು ಬಿಡಲೇಬೇಡಿ. ಸಾಯುವ ಹೊತ್ತಿಗೆ ಜನ ತಾಯಿ ಮಾತಿಗೆ ಹೋಗುತ್ತಾರೆ.

ಹುದ್ದೆಗೆ ಹೆಸರು ನೀವೇ ಇಡಿ. ಚಾಪ್ಲಿನ್ ಅಂತ ಮಾತ್ರ ಬೇಡ.

ನನಗಿನ್ನು ಎರಡು ವರ್ಷಕ್ಕೆ ನಿವೃತ್ತಿ, ಆದ್ದರಿಂದ ಈ ಕೆಲಸ ನನಗೆ ಬೇಕು ಅಂತ ಕೇಳುತ್ತಿಲ್ಲ. ಆಯ್ಕೆಯಾದವರಿಗೆ ಮೊದಲ ಮೂರು ತಿಂಗಳು ಪಗಾರವಿಲ್ಲದೆ ಬಂದು ಕಲಿಸಿಕೊಡುತ್ತೇನೆ. ನಡುವೆ ಒಂದು ದಿನ ಬಿಡುವಾದರೆ, ಊರಿಗೆ ಬಂದಾಗ, ಯಾವುದಾದರೂ ಒಂದು ಐಸಿಯು ಮುಂದೆ ಸಂಜೆ ಐದರ ಮೇಲೆ ಬನ್ನಿ. ಆಗ ಜನ ಜಾಸ್ತಿ, ಕುರ್ಚಿ ಸಿಗುವುದಿಲ್ಲ. ಕಾರು, ಪೊಲೀಸು ಗೇಟಿನ ಹೊರಗೇ ಇರಲಿ, ಇಲ್ಲದಿದ್ದರೆ ಎಂಎಲ್‌ಸಿ ಕೇಸಿನವರು ಹೆದರಿಕೊಳ್ಳುತ್ತಾರೆ.

ಇಂತಿ,
ಕಲಬುರಗಿಯ ಒಂದು ಆಸ್ಪತ್ರೆಯ ಚಾಪ್ಲಿನ್